ಒಡೆಲ್ ಕಂಡದ್ದು

ನನ್ನ ಗಂಡ ಒಡೆಲ್ ಪ್ರುಯಿಟ್ ಮೂವತ್ತೊಂದು ವರ್ಷ ಶಾಲೆ ಬಸ್ಸು ಓಡಿಸಿದ. ಅವನ ಗಂಟಲು ಎಂಥದ್ದೆಂದರೆ, ಹಿಂದಿನ ಸೀಟಿನಲ್ಲಿ ಗಲಾಟೆ ಮಾಡುವವರನ್ನು ಸುಮ್ಮನಿರಿಸಲು ಅವನು ಒಂದು ದಿನವೂ ಬಸ್ಸು ನಿಲ್ಲಿಸಿದ್ದಿಲ್ಲ. ಹೆಸರು ಹಿಡಿದು ಒಮ್ಮೆ ಕರೆದರೆ ಆಯಿತು. ಆದರೆ ಅಲಬಾಮಾದ ನಮ್ಮ ಕಡೆ ಏಳೆಂಟು ಜಿಲ್ಲೆಯ ಜನ ಅವನನ್ನು ಬಲ್ಲದ್ದು ಬಸ್ಸಿನಿಂದಲ್ಲ, ರೇಡಿಯೋದಿಂದ. ಭಾನುವಾರ ಚರ್ಚು ಮುಗಿದು, ಊಟ ಮುಗಿದು, ಎಲ್ಲರೂ ಕಾಲು ಚಾಚಿ ಕೂತ ಹೊತ್ತಿಗೆ ಎರಡು ಗಂಟೆಗೆ ಹೋಸಿಯಾ ಅನ್ನುವವನ ಕಾರ್ಯಕ್ರಮ ಬರುತ್ತಿತ್ತು. ಹಿಂದಿನ ದಿನ ನಡೆದ ಕಾಲೇಜು ಆಟಗಳ ಬಗ್ಗೆ ಯಾರು ಬೇಕಾದರೂ ಫೋನು ಮಾಡಿ ಜಗಳ ಆಡಬಹುದು. ಹೆಸರು, ಊರು ಹೇಳಿದರೆ ಸಾಕು. ನನ್ನ ಗಂಡ ಅಲ್ಲಿ 'ಹೋಪ್‌ವೆಲ್‌ನ ಒಡೆಲ್'.

ಜಗಳ ವರ್ಷವಿಡೀ ಒಂದೇ. ನಮ್ಮ ಕಪ್ಪು ಜನರ ಕಾಲೇಜುಗಳಲ್ಲಿ ಮಾರ್ಲೋ ದೊಡ್ಡದೋ, ಟಾಲ್ಬರ್ಟ್ ದೊಡ್ಡದೋ? ಯಾರ ಫುಟ್‌ಬಾಲ್ ಮೇಲು, ಯಾರ ಓಟಗಾರರು ಮೇಲು, ಯಾರ ಬ್ಯಾಂಡಿಗೆ ಉಸಿರು ಜಾಸ್ತಿ. ಒಡೆಲ್ ಮಾರ್ಲೋ ಕಡೆಯವನು. ಮಾರ್ಲೋದ ಮೆಟ್ಟಿಲು ಹತ್ತಿದವನೇನಲ್ಲ, ಎಂಟನೇ ಕ್ಲಾಸಿಗೆ ಬಿಟ್ಟವನು. ನಾನು ಆರನೇ ಕ್ಲಾಸಿಗೆ. ಕಾಲೇಜು ಅಂದರೆ ನಮ್ಮಿಬ್ಬರಿಗೂ ಶನಿವಾರ ಮಾತ್ರ. ಆದರೆ ಆ ಶನಿವಾರ ಪೂರ್ತಿ ನಮ್ಮದು.

ಟಾಲ್ಬರ್ಟ್ ಕಡೆಯಿಂದ ಡೋಥನ್‌ನ ಅಲಾಂಜೊ ಅಂತ ಒಬ್ಬ ಬರುತ್ತಿದ್ದ, ಅಂಚೆ ಇಲಾಖೆಯಲ್ಲಿದ್ದವನು. ಹತ್ತೊಂಬತ್ತು ವರ್ಷ ಇವರಿಬ್ಬರೂ ಬೈದಾಡಿದರು, ಒಮ್ಮೆಯೂ ಮುಖ ನೋಡಿದವರಲ್ಲ. ಅಲಾಂಜೊ ಪ್ರತಿಸಲ ಹೀಗೇ ಶುರುಮಾಡುತ್ತಿದ್ದ: "ಏನಯ್ಯಾ ಒಡೆಲ್, ಇನ್ನೂ ಬದುಕಿದೀಯಾ?"

"ಟಾಲ್ಬರ್ಟ್ ನೆಟ್ಟಗೆ ಆಡೋದನ್ನ ಒಂದ್ಸಲ ನೋಡಿ ಸಾಯೋಣ ಅಂತ ಕಾಯ್ತಿದೀನಿ ಮಾರಾಯ. ನೀವು ಸಾಯಕ್ಕೂ ಬಿಡ್ತಿಲ್ಲ."

ಎಲ್ಲಿಂದ ಶುರುವಾದರೂ ಮಾತು ಬಂದು ನಿಲ್ಲುತ್ತಿದ್ದದ್ದು ಐವತ್ತೆಂಟನೇ ಇಸವಿಯಲ್ಲಿ. ಆ ವರ್ಷ ಮಾರ್ಲೋ, ಟಾಲ್ಬರ್ಟ್ ಎರಡೂ ಸೋಲದೆ ಬಂದಿದ್ದವು. ಕೊನೆಯ ಆಟದ ಕೊನೆಯ ಎಸೆತವನ್ನು ಮಾರ್ಲೋ ಹುಡುಗನೊಬ್ಬ ಮೈದಾನದ ಮೂಲೆಯಲ್ಲಿ ಹಾರಿ ಹಿಡಿದ. ನಮ್ಮ ಫುಟ್‌ಬಾಲಿನಲ್ಲಿ ಚೆಂಡು ಕೈಯಲ್ಲೇ ಎಸೆದು ಹಿಡಿಯುವುದು; ಹಿಡಿದವನ ಕಾಲು ಗೆರೆಯ ಒಳಗೆ ಊರಿದ್ದರೆ ಅಂಕ, ಹೊರಗಾದರೆ ಇಲ್ಲ. ತೀರ್ಪುಗಾರ ಅಂಕ ಕೊಟ್ಟ. ಮಾರ್ಲೋ ಗೆದ್ದಿತು. ಕಾಲು ಹೊರಗಿತ್ತು ಅಂತ ಟಾಲ್ಬರ್ಟಿನವರು ಇವತ್ತಿಗೂ ಹೇಳುತ್ತಾರೆ. ಆ ಕಾಲದಲ್ಲಿ ನಮ್ಮವರ ಆಟಕ್ಕೆ ಯಾವ ದೊಡ್ಡ ಪತ್ರಿಕೆಯೂ ಕ್ಯಾಮೆರಾ ಕಳಿಸುತ್ತಿರಲಿಲ್ಲ. ಫೋಟೋ ಇಲ್ಲ, ಫಿಲ್ಮ್ ಇಲ್ಲ. ಉಳಿದದ್ದು ಕಂಡವರ ಬಾಯಿ ಮಾತ್ರ, ಕಂಡವರೆಲ್ಲ ಒಬ್ಬೊಬ್ಬರಾಗಿ ಹೋದರು. ಕೊನೆಗೆ ಉಳಿದವನು ಒಡೆಲ್. ಆಗ ಹದಿಮೂರು ವರ್ಷದ ಹುಡುಗ, ಅಪ್ಪ ಏಮಸ್ ಜೊತೆ ಅದೇ ಮೂಲೆಯ ಬೇಲಿಗೆ ಎದೆ ಆನಿಸಿ ನಿಂತಿದ್ದ. ಮೂರು ಮಾರು ದೂರ ಅಷ್ಟೇ. ನಮ್ಮ ಮಾವ ಸಾಯುವ ತನಕ ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳುತ್ತಿದ್ದರು, ನನ್ನ ಮಗ ಕಣ್ಣಾರೆ ಕಂಡಿದ್ದಾನೆ, ಒಳಗಿತ್ತು ಅಂತ.

ಬಸ್ಸಿನಲ್ಲೂ ಇದೇ. ಮಕ್ಕಳು ಇಳಿಯುವಾಗ ಒಡೆಲ್ ಬಾಗಿಲು ತೆರೆಯದೆ ಕೇಳುತ್ತಿದ್ದ, ಕಾಲು ಎಲ್ಲಿತ್ತು? "ಒಳಗಿತ್ತು" ಅಂದವರು ಮೊದಲು ಇಳಿಯಬೇಕು. ಟಾಲ್ಬರ್ಟ್ ಮನೆಗಳ ಮಕ್ಕಳು ಹಟಕ್ಕೆ "ಹೊರಗೆ" ಅಂತ ಕೂಗಿ ನಗುತ್ತಾ ಕೊನೆಗೆ ಇಳಿಯುತ್ತಿದ್ದವು. ಹಾಗೆ ಇಳಿದ ಮಕ್ಕಳಿಗೆ ಈಗ ಮೊಮ್ಮಕ್ಕಳಿದ್ದಾರೆ.

ಅವನಿಗೆ ಅರವತ್ತಾರು ತುಂಬಿದ ವಸಂತದಲ್ಲಿ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಗಡ್ಡೆಯ ಜೊತೆಗೆ ಧ್ವನಿಯನ್ನೂ ತೆಗೆದರು. ಅಷ್ಟು ದೊಡ್ಡ ಗಂಟಲಿನ ಮನುಷ್ಯ ಉಪ್ಪು ಬೇಕಾದರೆ ಮೇಜು ಬಡಿಯುವ ಹಾಗಾಯಿತು. ಒಂದು ನೋಟು ಪುಸ್ತಕ ಇಟ್ಟುಕೊಂಡ, ಏನಿದ್ದರೂ ಬರೆದು ತೋರಿಸುವುದು.

ಆಟದ ಕಾಲ ಬಂದಾಗ ಅವನ ಬದಲು ನಾನೇ ಫೋನು ಮಾಡತೊಡಗಿದೆ. ಅವನು ಬರೆದು ಕೊಡುವುದು, ನಾನು ಓದುವುದು. ಫೋನಿನ ಹತ್ತಿರ ರೇಡಿಯೋ ಹಚ್ಚಿದರೆ ಕಿರಿಚುತ್ತದೆ, ಅದಕ್ಕೆ ಅವನು ಅಂಗಳದಲ್ಲಿ ನಿಲ್ಲಿಸಿದ ತನ್ನ ಟ್ರಕ್ಕಿನಲ್ಲಿ ಕೂತು ಕೇಳುತ್ತಿದ್ದ. ನಾನು ಅಡುಗೆಮನೆಯಲ್ಲಿ. ಕೆಟ್ಟ ಮಾತು ಬಂದರೆ ತಡೆಯಬೇಕಲ್ಲ, ಹಾಗಾಗಿ ಸ್ಟೇಷನ್ನಿನವರು ಎಲ್ಲವನ್ನೂ ಏಳು ಸೆಕೆಂಡು ತಡಮಾಡಿ ಬಿಡುತ್ತಾರೆ. ನಾನು ಒಂದು ಕುಟುಕು ಓದಿ, ಕಿಟಕಿಯಿಂದ ನೋಡುತ್ತಾ ಒಂದು ಎರಡು ಎಣಿಸುವೆ. ಏಳಕ್ಕೆ ಸರಿಯಾಗಿ ಟ್ರಕ್ಕಿನೊಳಗೆ ಅವನ ಭುಜ ಕುಲುಕುತ್ತಿತ್ತು, ಸದ್ದಿಲ್ಲದ ನಗು. ಆ ವರ್ಷ ನಾನು ಕಂಡ ಸುಖ ಅಂದರೆ ಅದೇ.

ಅಲಾಂಜೊ ಬೈಗುಳ ಬಿಡಲಿಲ್ಲ, ಸ್ವಲ್ಪ ಮೆತ್ತಗೆ ಮಾಡಿದ. "ಅಮ್ಮಾ ವರ್ಲೀನ್, ನೀನು ಓದಿದ್ರೆ ಪ್ರಾರ್ಥನೆ ಕೇಳ್ದಂಗಿರತ್ತೆ. ಒಂಚೂರು ಖಾರ ಹಾಕಮ್ಮ" ಅನ್ನುತ್ತಿದ್ದ.

ನವೆಂಬರ್‌ನಲ್ಲಿ, ಮಾರ್ಲೋ-ಟಾಲ್ಬರ್ಟ್ ಆಟಕ್ಕೆ ಆರು ದಿನ ಇರುವಾಗ, ಆ ಭಾನುವಾರ ಬಂತು. ಒಡೆಲ್ ಒಣಗಿದ ಕಡ್ಡಿಯಾಗಿದ್ದ. ಮಡಿಸಿದ ಹಾಳೆಯನ್ನು ನನ್ನ ಕೈಗಿಟ್ಟು, ಮುಷ್ಟಿ ಮುಚ್ಚಿ, ಅದರ ಮೇಲೆ ತನ್ನ ಕೈ ಸ್ವಲ್ಪ ಹೊತ್ತು ಇಟ್ಟುಕೊಂಡ. ಆಮೇಲೆ ಗೋಡೆ ಹಿಡಿದು ಹೊರಗೆ ಹೋಗಿ ಟ್ರಕ್ಕು ಹತ್ತಿದ. ಫೋನಿನಲ್ಲಿ ನನ್ನ ಸರದಿ ಕಾಯುತ್ತಾ ನಾನು ಹಾಳೆ ಬಿಡಿಸಿದೆ.

'ಕಾಲು ಹೊರಗಿತ್ತು. ಒಂದು ಗೇಣು ಹೊರಗಿತ್ತು. ಮರದ ಮಿಲ್ಲಿನ ಹೊಟ್ಟು ಬಿದ್ದು ಅಪ್ಪನ ಕಣ್ಣು ಆಗಲೇ ಮಂಜಾಗಿತ್ತು, ಮೂರು ಮಾರೂ ಕಾಣುತ್ತಿರಲಿಲ್ಲ. ಒಳಗಿತ್ತೇನೋ ಮಗಾ ಅಂತ ಕೇಳಿದ. ಅವನ ಮುಖ ನೋಡಿ ಒಳಗಿತ್ತು ಅಂದೆ. ಅಲಾಂಜೊ, ನೀನು ಹೇಳಿದ್ದೇ ಸರಿ. ಇದನ್ನು ಹೇಳಿಯೇ ಹೋಗಬೇಕು ನಾನು.'

ಅಷ್ಟರಲ್ಲಿ ಹೋಸಿಯಾ ನನ್ನ ಹೆಸರು ಕರೆದ. ಅಲಾಂಜೊ ಆಗಲೇ ಇನ್ನೊಂದು ಲೈನಿನಲ್ಲಿದ್ದ. ನಮ್ಮ ಮುದುಕ ಏನು ಬರೆದಿದ್ದಾನಮ್ಮಾ, ಓದು, ಅಂದ.

ನನಗೆ ಚರ್ಚಿನ ಮೆಟ್ಟಿಲ ಮೇಲೆ ನಿಂತ ಮಾವ ಕಂಡರು. ಬಸ್ಸಿನ ಮಕ್ಕಳು ಕಂಡರು. ಇದನ್ನು ಓದಿದರೆ ಜನ ಒಡೆಲ್ ನಿಜ ಹೇಳಿದ ಅನ್ನುವುದಿಲ್ಲ, ಐವತ್ತಮೂರು ವರ್ಷ ಸುಳ್ಳು ಹೇಳಿದ ಅನ್ನುತ್ತಾರೆ. ಇನ್ನು ಕೆಲವೇ ದಿನ ಇರುವ ಮನುಷ್ಯ. ನಾನು ಹಾಳೆಯನ್ನು ಕಣ್ಣ ಮುಂದೆ ಹಿಡಿದುಕೊಂಡೇ ಹೇಳಿದೆ: "ಕಾಲು ಒಳಗಿತ್ತು. ನಾನು ಕಂಡಿದೀನಿ. ಸಾಯೋವಾಗ್ಲೂ ಇದನ್ನೇ ಹೇಳ್ತೀನಿ."

ಅಲಾಂಜೊ ಜೋರಾಗಿ ನಕ್ಕ. ಹೋಸಿಯಾ ನಕ್ಕ. ನಾನು ಕಿಟಕಿಯಾಚೆ ನೋಡುತ್ತಾ ಎಣಿಸಿದೆ. ನಾಲ್ಕು ಅನ್ನುವಾಗ ಒಡೆಲ್ ನನ್ನ ಕಡೆಗೇ ನೋಡುತ್ತಿದ್ದ, ಭಾರ ಇಳಿಸಿದವನ ಮುಖ. ಏಳು ಆಯಿತು. ಅವನು ಸಿಟ್ಟಾಗಲಿಲ್ಲ. ಕೈ ಚಾಚಿ ರೇಡಿಯೋ ಆರಿಸಿದ. ಸ್ಟೀರಿಂಗ್ ಮೇಲೆ ಎರಡೂ ಕೈ ಇಟ್ಟು, ಎಲ್ಲಿಗೋ ಹೊರಟವನ ಹಾಗೆ ಬಹಳ ಹೊತ್ತು ಕೂತಿದ್ದ.

ಒಳಗೆ ಬಂದು ಪುಸ್ತಕದಲ್ಲಿ 'ಯಾಕೆ' ಅಂತ ಬರೆದ.

"ಅಕ್ಷರ ಗೊತ್ತಾಗ್ಲಿಲ್ಲ ಕಣೋ, ನಿನ್ನ ಕೈ ನಡುಗಿದೆ" ಅಂದೆ.

ಈ ಭೂಮಿ ಮೇಲೆ ನಾನು ಸಲೀಸಾಗಿ ಓದಬಲ್ಲ ಕೈಬರಹ ಅಂದರೆ ಅವನದೊಂದೇ. ಅವನು ಸೈನ್ಯದಲ್ಲಿದ್ದ ಎರಡು ವರ್ಷ ವಾರಕ್ಕೊಂದು ಕಾಗದ ಬರೆದ. ಆ ಕಾಗದಗಳ ಮೇಲೆ ಬೆರಳಿಟ್ಟು ನಾನು ನಿಜವಾಗಿ ಓದಲು ಕಲಿತದ್ದು. ಅದು ಅವನಿಗೂ ಗೊತ್ತು. ಆದರೂ ತಲೆಯಾಡಿಸಿದ.

ಸೋಮವಾರ ಬೆಳಿಗ್ಗೆ ಅವನು ದಪ್ಪ ಕಪ್ಪು ಪೆನ್ನು ಹುಡುಕಿಕೊಂಡು ಮೇಜಿಗೆ ಕೂತ. ನನ್ನ ಹೊಲಿಗೆಯ ಅಳತೆಪಟ್ಟಿ ಇಟ್ಟು ಗೆರೆ ಎಳೆದ. ಅದೇ ಮಾತುಗಳನ್ನು ಒಂದನೇ ಕ್ಲಾಸಿನ ಮಗುವಿಗೆ ಬರೆದುಕೊಟ್ಟ ಹಾಗೆ ಒಂದೊಂದೇ ಅಕ್ಷರ ದೊಡ್ಡದಾಗಿ ಬರೆದ. ನಾಲ್ಕು ಹಾಳೆ ಆಯಿತು. ಮಧ್ಯೆ ಮಧ್ಯೆ ಪೆನ್ನು ಇಟ್ಟು ಉಸಿರು ಸುಧಾರಿಸಿಕೊಳ್ಳುತ್ತಿದ್ದ. ನಾನು ಒಲೆಯ ಮುಂದೆ ಸೊಪ್ಪು ಬೇಯಿಸುತ್ತಾ ಬೆನ್ನು ತಿರುಗಿಸಿ ನಿಂತಿದ್ದೆ. ಆಗಲೇ ಹೇಳಿಬಿಡಬಹುದಿತ್ತು, ನನಗೆ ಓದಕ್ಕೆ ಬಂತು ಒಡೆಲ್, ನಾನೇ ಹೇಳಲಿಲ್ಲ ಅಂತ. ಹೇಳಲಿಲ್ಲ. ಹಾಳೆಗಳನ್ನು ಅವನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ, ಮುಂದಿನ ಭಾನುವಾರಕ್ಕೆ.

ಗುರುವಾರ ಆಸ್ಪತ್ರೆ. ಶನಿವಾರ ಬೆಳಿಗ್ಗೆ ಹೋದ, ಆಟ ಶುರುವಾಗಲು ಇನ್ನೂ ಮೂರು ಗಂಟೆ ಇತ್ತು.

ಮಾರನೇ ದಿನ ಎರಡು ಗಂಟೆಗೆ ಮನೆ ತುಂಬಾ ಜನ, ಮೇಜಿನ ತುಂಬಾ ಅವರು ತಂದ ಸಿಹಿಗೆಣಸಿನ ಪೈ, ಕರಿದ ಕೋಳಿ. ಯಾರೋ ರೇಡಿಯೋ ಹಚ್ಚಿದರು. ಆವತ್ತು ಕಾರ್ಯಕ್ರಮ ಪೂರ್ತಿ ಒಡೆಲ್‌ನದು. ಫೋನು ಮಾಡಿದವರು ಹೆಸರು, ಊರು ಹೇಳಿ, "ಒಳಗಿತ್ತು" ಅಂತಷ್ಟೇ ಅಂದು ಇಡುತ್ತಿದ್ದರು. ಬಸ್ಸಿನಲ್ಲಿ ಇಳಿದ ಮಕ್ಕಳು, ಈಗ ನರೆತವರು. ನಾನು ಫ್ರಿಜ್ಜಿನಿಂದ ಹಾಳೆ ಕಿತ್ತುಕೊಂಡು, ರೇಡಿಯೋ ಆರಿಸಿ, ಎಲ್ಲರ ಮುಂದೆಯೇ ಫೋನು ಮಾಡಿದೆ. ನಾಲ್ಕು ಹಾಳೆಯನ್ನೂ ಒಂದಕ್ಷರ ಬಿಡದೆ ಓದಿದೆ. ಹೋದ ವಾರ ನಾನೇ ಬದಲಿಸಿ ಹೇಳಿದ್ದು ಅಂತಲೂ ಹೇಳಿದೆ.

ಫೋನಿನಲ್ಲಿ ಅಲಾಂಜೊನ ಧ್ವನಿ ಬಂತು, ಅಳುತ್ತಿದ್ದ.

"ಅಮ್ಮಾ, ನಿನ್ನ ಮನಸ್ಸು ದೊಡ್ಡದು. ಮುದುಕ ಅಲಾಂಜೊಗೆ ಒಂದ್ಸಲ ಗೆಲುವು ಕೊಡೋಣ ಅಂತಿದೀಯ. ಬೇಡ."

"ಇದು ಅವನೇ ಬರೆದದ್ದು" ಅಂದೆ.

"ಇಲ್ಲಮ್ಮಾ. ಸಾಯೋವಾಗ್ಲೂ ಇದನ್ನೇ ಹೇಳ್ತೀನಿ ಅಂದ್ನಲ್ಲ, ಅದು ಒಡೆಲ್. ಹತ್ತೊಂಬತ್ತು ವರ್ಷ ಕೇಳಿದೀನಿ, ಅವನ ಮಾತು ನಂಗೆ ಗೊತ್ತಾಗಲ್ವಾ?"

ಹೋಸಿಯಾ ನನಗೆ ಸಮಾಧಾನ ಹೇಳಿ ಒಂದು ಭಜನೆ ಹಾಕಿದ. ಪಕ್ಕದ ಮನೆಯವಳು ನನ್ನ ಕೈಯಿಂದ ಹಾಳೆ ಮೆಲ್ಲಗೆ ತೆಗೆದುಕೊಂಡು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ದುಃಖದಲ್ಲಿ ಪಾಪ ಏನೇನೋ ಮಾತಾಡ್ತಾಳೆ ಅಂತ ಯಾರೋ ಅಂದದ್ದು ಕೇಳಿಸಿತು. ದಪ್ಪ ದಪ್ಪ ಅಕ್ಷರ ನೋಡಿದವರಿಗೆ ಅದು ಒಡೆಲ್‌ನ ಕೈ ಅನ್ನಿಸಲೇ ಇಲ್ಲ. ಮೊದಲ ಹಾಳೆ ತೋರಿಸೋಣ ಅಂದರೆ ಅದನ್ನು ನಾನು ಆ ಭಾನುವಾರವೇ ಒಲೆಗೆ ಹಾಕಿದ್ದೆ.

ಮಾರ್ಲೋ ಕಡೆಯವರು ಸೇರಿ ಅವನಿಗೆ ಒಳ್ಳೆಯ ಕಲ್ಲು ಹಾಕಿಸಿದರು. ಹೆಸರಿನ ಕೆಳಗೆ 'ಇವನು ಕಂಡಿದ್ದ' ಅಂತ ಕೆತ್ತಿಸಿದ್ದಾರೆ. ಅಲಾಂಜೊನೂ ಹೋಗಿ ಆರು ವರ್ಷವಾಯಿತು. ಹೋಸಿಯಾನ ಮಗ ಈಗ ಕಾರ್ಯಕ್ರಮ ನಡೆಸುತ್ತಾನೆ. ಯಾರಾದರೂ ಐವತ್ತೆಂಟರ ಮಾತು ತೆಗೆದರೆ, ಹೋಪ್‌ವೆಲ್‌ನ ಒಡೆಲ್ ಕಂಡಿದ್ದಾನೆ, ಮುಗೀತು ಅನ್ನುತ್ತಾರೆ. ಟ್ರಕ್ಕು ಅಂಗಳದಲ್ಲೇ ಇದೆ. ಭಾನುವಾರ ನಾನು ಅದರಲ್ಲಿ ಕೂತು ಕೇಳುತ್ತೇನೆ. ನಾಲ್ಕು ಹಾಳೆಯೂ ಅಲ್ಲೇ ಸೀಟಿನ ಪಕ್ಕದಲ್ಲಿದೆ. ಫೋನಿನಲ್ಲಿ ನನ್ನ ಮಾತು ಯಾರೂ ನಂಬುವುದಿಲ್ಲ, ಅದಕ್ಕೆ ಇಲ್ಲಿ ಬರೆದಿದ್ದೇನೆ.

ಕಾಲು ಹೊರಗಿತ್ತು. ಒಂದು ಗೇಣು ಹೊರಗಿತ್ತು. ಒಡೆಲ್ ಪ್ರುಯಿಟ್ ಹೇಳಿದ್ದು ಇದು.