ಆ ಬೂದು ಬಟನ್

ಯಾರಾದರೂ ದೆವ್ವ, ಶಕುನ, ಮುನ್ಸೂಚನೆ ಅಂತ ಮಾತು ತೆಗೆದರೆ ನಾನು ಎದ್ದು ಚಹಾ ಕುಡಿಯಲು ಹೋಗುವವರ ಪೈಕಿ. ನನ್ನ ಕಸುಬೇ ಅಂಥದ್ದು. ಕಂಪ್ಯೂಟರಿನಲ್ಲಿ ಎಂಥ ವಿಚಿತ್ರ ನಡೆದರೂ ಅದರ ಹಿಂದೆ ಯಾರೋ ನಿದ್ದೆಗಣ್ಣಿನಲ್ಲಿ ಬರೆದ ಒಂದು ಸಾಲು ಇದ್ದೇ ಇರುತ್ತದೆ. ಬಹಳ ಸಲ ಅದನ್ನು ಬರೆದವನು ನಾನೇ ಆಗಿರುತ್ತೇನೆ. ಹುಡುಕಿದರೆ ಸಿಗುತ್ತದೆ. ಇಷ್ಟು ವರ್ಷ ಹುಡುಕಿದ್ದೆಲ್ಲ ಸಿಕ್ಕಿದೆ, ಒಂದನ್ನು ಬಿಟ್ಟು. ಆ ಒಂದರ ಬಗ್ಗೆ ಈಗ ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮ್ಮ ಇಷ್ಟ. ನನಗೇ ಇನ್ನೂ ತೀರ್ಮಾನ ಮಾಡಲು ಆಗಿಲ್ಲ.

ನಾನು ಶಹಾಬಾದಿನವನು. ಸುತ್ತಲಿನ ಅಂಗಡಿ, ಗಿರಣಿ, ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಮಿಲ್ಲುಗಳಿಗೆ ಕಂಪ್ಯೂಟರ್ ಪ್ರೋಗ್ರಾಂ ಬರೆದುಕೊಡುತ್ತೇನೆ. ಮೊಬೈಲಿನವಲ್ಲ, ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ವಿಂಡೋ ತೆರೆದು, ಖಾನೆ ತುಂಬಿ, ಬಟನ್ ಒತ್ತಿ ನಡೆಸುವಂಥವು. ನಾಲ್ಕು ಬಟನ್ ಜೋಡಿಸುವುದರಲ್ಲಿ ಏನು ಮಹಾ ಇದೆ ಅಂತ ನೋಡುವವರಿಗೆ ಅನ್ನಿಸುತ್ತದೆ. ಇದೆ ಸ್ವಾಮಿ, ತಲೆಗೂದಲು ಉದುರುವಷ್ಟು ಇದೆ. ನನ್ನ ಪರದೆಯ ಮೇಲೆ ಚಂದ ಕಂಡ ವಿಂಡೋ ವಾಡಿಯ ಅಂಗಡಿಯವನ ಹಳೆಯ ಸಣ್ಣ ಪರದೆಯಲ್ಲಿ ಅರ್ಧ ಕೆಳಗೆ ಜಾರಿ, ಕೊನೆಯ ಬಟನ್ನೇ ಮಾಯವಾಗಿರುತ್ತದೆ. ನೀವು ಬಟನ್ ಇಡುವುದನ್ನೇ ಮರೆತಿದ್ದೀರಿ ಅಂತ ಅವನು ಫೋನಿನಲ್ಲಿ ಜಗಳಕ್ಕೆ ಬೀಳುತ್ತಾನೆ. ಚಿಂಚೋಳಿಗೆ ಹೋದರೆ ಕನ್ನಡ ಅಕ್ಷರಗಳೆಲ್ಲ ಚೌಕ ಚೌಕ ಡಬ್ಬಿಗಳಾಗಿ ಕೂತಿರುತ್ತವೆ, ಯಾಕೆಂದರೆ ಆ ಕಂಪ್ಯೂಟರಿನಲ್ಲಿ ಆ ಫಾಂಟೇ ಇಲ್ಲ. ಚಿತ್ತಾಪುರದ ಒಬ್ಬರು ಕಂಡದ್ದನ್ನೆಲ್ಲ ಎರಡೆರಡು ಸಲ ಒತ್ತುತ್ತಾರೆ, ಒಂದೇ ರಸೀದಿ ಎರಡು ಸಲ ಅಚ್ಚಾಗುತ್ತದೆ, ಬೈಗುಳ ಮಾತ್ರ ನನಗೆ. ಇದಕ್ಕೆ ನಾವು ಮಾಡುವ ಮದ್ದು ಸುಲಭದ್ದು. ಬಟನ್ ಒಮ್ಮೆ ಒತ್ತಿದ ಕೂಡಲೇ ಅದನ್ನು ಬೂದು ಬಣ್ಣಕ್ಕೆ ತಿರುಗಿಸಿ ನಿಷ್ಕ್ರಿಯ ಮಾಡುತ್ತೇವೆ, ಕೆಲಸ ಮುಗಿದ ಮೇಲೆ ಮತ್ತೆ ಜೀವ ಕೊಡುತ್ತೇವೆ. ಬೂದಾಗಿರುವ ಬಟನ್ನನ್ನು ನೀವು ಎಷ್ಟು ಒತ್ತಿದರೂ ಕಲ್ಲಿಗೆ ಒತ್ತಿದ ಹಾಗೆ.

ಎಲ್ಲಕ್ಕಿಂತ ದೊಡ್ಡ ಪೀಡೆ ವಿಂಡೋ ಹ್ಯಾಂಗ್ ಆಗುವುದು. ಖಾನಾವಳಿಯಲ್ಲಿ ಗಿರಾಕಿಯನ್ನು ಮಾತಾಡಿಸುವವನೇ ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತರೆ ಹೊರಗಿನವರು ಎಷ್ಟು ಕೂಗಿದರೂ ಯಾರೂ ಓಗೊಡುವುದಿಲ್ಲವಲ್ಲ, ಇದೂ ಹಾಗೆಯೇ. ಪರದೆಯನ್ನು ನೋಡಿಕೊಳ್ಳುವ ಕೆಲಸ ಒಬ್ಬನಿಗೆ, ಭಾರದ ಕೆಲಸ ಇನ್ನೊಬ್ಬನಿಗೆ ಅಂತ ಮೊದಲೇ ಹಂಚಿಡಬೇಕು. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಆ ದಿನ ನಾನು ಇವುಗಳಲ್ಲಿ ಯಾವುದನ್ನೂ ಮರೆತಿರಲಿಲ್ಲ. ಒಂದೊಂದನ್ನೂ ಪರೀಕ್ಷಿಸಿದ್ದೆ.

ಸೇಡಂ ದಾಟಿ, ಅದೇ ತಾಲ್ಲೂಕಿನ ಮುಧೋಳದ ದಾರಿಯಲ್ಲಿ ಒಂದು ತೊಗರಿ ಬೇಳೆಯ ಗಿರಣಿ. ಅದರ ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಅನ್ನುತ್ತಿದ್ದರು, ನಾನೂ ಹಾಗೇ ಅನ್ನುತ್ತೇನೆ. ಎಲ್ಲೋ ಒಂದು ದೊಡ್ಡ ಕಾರ್ಖಾನೆ ನೋಡಿ ಬಂದ ಮೇಲೆ ಅವರಿಗೆ ಒಂದು ಆಸೆ ಹತ್ತಿತು. ತಾವು ಗಾಜಿನ ಕೋಣೆಯಲ್ಲಿ ಎಸಿ ಹಚ್ಚಿಕೊಂಡು ಕೂತು, ಪರದೆಯ ಮೇಲಿನ ಹಸಿರು ಬಟನ್ ಒತ್ತಿ ಇಡೀ ಗಿರಣಿ ಚಾಲೂ ಮಾಡಬೇಕು. ಅದಕ್ಕಾಗಿ ನಾನು ಪ್ರೋಗ್ರಾಂ ಬರೆದೆ. ಒಬ್ಬ ಎಲೆಕ್ಟ್ರಿಷಿಯನ್ ಬಂದು ಕಂಪ್ಯೂಟರಿನಿಂದ ಮೋಟಾರಿನವರೆಗೆ ತಂತಿ ಎಳೆದು, ಅಲ್ಲಿಯವರೆಗೆ ಗಿರಣಿ ಚಾಲೂ ಮಾಡುತ್ತಿದ್ದ ಹಳೆಯ ಹ್ಯಾಂಡಲ್ ಇದ್ದ ಕಬ್ಬಿಣದ ಪೆಟ್ಟಿಗೆಗೆ ಬೀಗ ಜಡಿದು, ಕೀಲಿ ಜೇಬಿಗೆ ಹಾಕಿಕೊಂಡು ಕುಂಚಾವರಂ ಕಡೆ ಯಾರದೋ ಮದುವೆಗೆ ಹೋಗಿಬಿಟ್ಟ. ಅಲ್ಲಿ ಕಾಡಿನಲ್ಲಿ ಫೋನೂ ಹತ್ತುವುದಿಲ್ಲ.

ಗಿರಣಿಯೊಳಗೆ ಕಾಳನ್ನು ಮೇಲಕ್ಕೆ ಎತ್ತುವ ಒಂದು ಯಂತ್ರವಿದೆ. ಉದ್ದನೆಯ ಬೆಲ್ಟಿಗೆ ಸಾಲಾಗಿ ಕಬ್ಬಿಣದ ಬುಟ್ಟಿಗಳು, ಅದರ ಬುಡ ನೆಲದ ಕೆಳಗೆ ಆಳವಾದ ತಗ್ಗಿನಲ್ಲಿ. ಅಲ್ಲಿ ಹಳೆಯ ಕಾಳು, ಹೊಟ್ಟು ಸೇರಿ ಗಟ್ಟಿಯಾಗುತ್ತದೆ. ಅದನ್ನು ಯಾರಾದರೂ ಕೆಳಗೆ ಇಳಿದು ಬುಟ್ಟಿಗಳ ನಡುವೆ ಕೈ ಹಾಕಿ ಕೆರೆದು ತೆಗೆಯಬೇಕು. ಆ ಕೆಲಸ ಮಲ್ಲಮ್ಮನದು. ಬಹಳ ವರ್ಷಗಳಿಂದ ಅಲ್ಲಿ ದುಡಿಯುವ, ಸಣಕಲು ಮೈಯ ಹೆಂಗಸು. ತಗ್ಗಿನಲ್ಲಿ ಸಲೀಸಾಗಿ ಹಿಡಿಸುವುದು ಅವಳೊಬ್ಬಳೇ. ಅವಳು ಒಳಗಿದ್ದಾಗ ಯಂತ್ರ ತಿರುಗಿದರೆ ಏನಾಗುತ್ತದೆ ಅಂತ ನಾನು ಬಿಡಿಸಿ ಹೇಳುವುದಿಲ್ಲ.

ಅದಕ್ಕೆ ಆ ಗಿರಣಿಯಲ್ಲಿ ಒಂದು ಪದ್ಧತಿ ಇತ್ತು. ತಗ್ಗಿಗೆ ಇಳಿಯುವವರು ತಮ್ಮ ಚಪ್ಪಲಿಯನ್ನು ಹ್ಯಾಂಡಲಿನ ಪೆಟ್ಟಿಗೆಯ ಮುಂದೆ ಬಿಟ್ಟು ಇಳಿಯಬೇಕು. ಅಲ್ಲಿ ಚಪ್ಪಲಿ ಕಂಡರೆ ಸಾವ್ಕಾರರೇ ಬಂದರೂ ಹ್ಯಾಂಡಲ್ ಮುಟ್ಟುವಂತಿಲ್ಲ. ಬೋರ್ಡಿಲ್ಲ, ಗಂಟೆಯಿಲ್ಲ, ಬರೀ ಒಂದು ಜೊತೆ ಚಪ್ಪಲಿ. ಅದರ ಮೇಲೆಯೇ ಅಷ್ಟು ವರ್ಷ ನಡೆದುಬಂದಿತ್ತು, ಯಾರಿಗೂ ಏನೂ ಆಗಿರಲಿಲ್ಲ. ಈ ಪದ್ಧತಿಯನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕೆಂದು ಅವರಿಗೆ ಹೊಳೆದೂ ಇರಲಿಲ್ಲ.

ಆ ದಿನ ಅಮಾವಾಸ್ಯೆ. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ, ಲಾರಿ, ಯಂತ್ರ ಎಲ್ಲಕ್ಕೂ ಪೂಜೆ. ಹೊಸ ತೊಗರಿ ಬರಲು ಶುರುವಾಗಿತ್ತು, ಆ ಹಂಗಾಮಿನ ಮೊದಲ ಪೂಜೆ ಬೇರೆ. ಸಾವ್ಕಾರರ ತಾಯಿಯೇ ಮುಂದೆ ನಿಂತು ಮಾಡಿಸುತ್ತಿದ್ದರು. ಎಲ್ಲರಿಗೂ ಅವರು ಅವ್ವೋರು. ಕಬ್ಬಿಣದ ಪೆಟ್ಟಿಗೆಗೆ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ಅದರ ಮುಂದೆಯೇ ಒಂದು ಜೊತೆ ಸವೆದ ಚಪ್ಪಲಿ ಕಂಡರೆ ಯಾವ ಅವ್ವೋರು ಸುಮ್ಮನಿರುತ್ತಾರೆ ಹೇಳಿ? ಪೂಜೆಗೆ ಮಾತ್ರ ಗಿರಣಿಗೆ ಬರುವ ಅವರಿಗೆ ಆ ಪದ್ಧತಿ ಗೊತ್ತಿರಲಿಲ್ಲ. ಕಸಬರಿಗೆಯಿಂದ ಅದನ್ನು ಹೊರಗೆ ನೂಕಿ, ನೀರು ಚಿಮುಕಿಸಿ, ರಂಗೋಲಿ ಹಾಕಿದರು. ಪೂಜೆಗೆ ಮೊದಲೇ ಮುಗಿಸಿಬಿಡೋಣವೆಂದು ಯಾರಿಗೂ ಹೇಳದೆ ಇಳಿದಿದ್ದ ಮಲ್ಲಮ್ಮ, ಗಟ್ಟಿಯಾದ ಹೊಟ್ಟು ಏಳದೆ ಇನ್ನೂ ಕೆಳಗೇ ಇದ್ದಳು. ಇದು ನನಗಾಗಲಿ, ಸಾವ್ಕಾರರಿಗಾಗಲಿ, ಅಲ್ಲಿ ಕೈಮುಗಿದು ನಿಂತ ಯಾರಿಗೇ ಆಗಲಿ ಗೊತ್ತಿರಲಿಲ್ಲ. ನಿಮಗೆ ಈಗಲೇ ಹೇಳಿಬಿಟ್ಟಿದ್ದೇನೆ, ಮುಂದಿನದನ್ನು ಓದುವಾಗ ಇದನ್ನು ನೆನಪಿನಲ್ಲಿಡಿ.

ಕಾಯಿ ಒಡೆದ ಮೇಲೆ ಯಂತ್ರ ತಡಮಾಡದೆ ಒಂದು ಸುತ್ತಾದರೂ ತಿರುಗಬೇಕು ಅನ್ನುವುದು ಅಲ್ಲಿಯ ನೇಮ. ಕಾಯಿ ಒಡೆಯಿತು. ಧ್ವನಿವರ್ಧಕದಲ್ಲಿ ಹಾಡು ಜೋರಾಯಿತು. ಸಾವ್ಕಾರ್ರು ಗಾಜಿನ ಕೋಣೆಗೆ ಬಂದು, ಕುರ್ಚಿಯ ಮೇಲೆ ಕೂತು, ಕೈಮುಗಿದು ಹಸಿರು ಬಟನ್ ಒತ್ತಲು ಹೋದರು. ಬಟನ್ ಹಸಿರಾಗಿರಲಿಲ್ಲ. ಬೂದಾಗಿತ್ತು.

ಬೆಳಿಗ್ಗೆ ನಾನು ಬಂದು ನೋಡಿದಾಗ ಅದು ಹಸಿರಾಗಿಯೇ ಇತ್ತು. ಸರಿ, ಏನೋ ಆಗಿದೆ ಅಂತ ಪ್ರೋಗ್ರಾಂ ಮುಚ್ಚಿ ಮತ್ತೆ ತೆರೆದೆ. ಬೂದು. ಬಟನ್ನಿಗೆ ಜೀವ ಬರಲು ಎರಡೇ ಷರತ್ತು ಇಟ್ಟಿದ್ದೆ: ತಂತಿಯ ಆ ಕಡೆ ಮೋಟಾರಿಗೆ ಹಚ್ಚಿದ ಪೆಟ್ಟಿಗೆ ಓಗೊಡಬೇಕು, ಕೆಂಪು ತುರ್ತು ಬಟನ್ ಒತ್ತಿರಬಾರದು. ಎರಡೂ ಸರಿಯಿದ್ದವು. ವಿಂಡೋ ಹ್ಯಾಂಗ್ ಆಗಿದೆಯೇ ಅಂದರೆ ಅದೂ ಇಲ್ಲ. ಪಕ್ಕದ ಬಟನ್ನುಗಳೆಲ್ಲ ಕೆಲಸ ಮಾಡುತ್ತಿದ್ದವು, ಗಡಿಯಾರ ಓಡುತ್ತಿತ್ತು. ಇದೊಂದೇ ಮುಖ ಊದಿಸಿಕೊಂಡು ಕೂತಿತ್ತು.

"ಏನ್ರಿ ಸಾಹೇಬ್ರ, ಕಾಯಿ ಒಡದು ಭಾಳ ಹೊತ್ತಾಯ್ತು, ಮಷಿನ್ ತಿರಗವಲ್ದು. ಮಂದಿ ನಿಂತಾರ ನೋಡ್ರಿ" ಅಂದರು ಸಾವ್ಕಾರ್ರು.

"ಎರಡು ಮಿನಿಟ್ ತಡೀರಿ ಸಾವ್ಕಾರ್ರೆ, ಆಗ್ತದ" ಅಂದೆ. ಈ ಕಸುಬಿನಲ್ಲಿ ನಾನು ಅತಿ ಹೆಚ್ಚು ಸಲ ಹೇಳಿದ ಸುಳ್ಳು ಅದೇ ಇರಬೇಕು.

ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಅದು ತೆರೆದುಕೊಳ್ಳುವಷ್ಟರಲ್ಲಿ ಗಾಜಿನ ಹೊರಗೆ ಗಿರಣಿಯ ಮಂದಿಯೆಲ್ಲ ಮೂಗು ಒತ್ತಿ ನಿಂತಿದ್ದರು. ಬೂದು. ಷರತ್ತುಗಳನ್ನೇ ಕಿತ್ತು ಹಾಕಿದೆ, ಏನೇ ಆದರೂ ಜೀವಂತವಾಗಿರು ಅಂತ ಒಂದು ಸಾಲು ಬರೆದೆ. ಬೂದು. ನನಗೆ ತಲೆ ಕೆಟ್ಟುಹೋಯಿತು. ಕೊನೆಗೆ ಹೊಸದಾಗಿ ಒಂದು ಖಾಲಿ ವಿಂಡೋ ಬರೆದೆ. ಹಳೆಯದರ ಒಂದಕ್ಷರವೂ ಅದರಲ್ಲಿ ಇರಲಿಲ್ಲ. ಕಲಿಯುವ ಮಕ್ಕಳು ಮೊದಲ ದಿನ ಬರೆಯುವಂಥದ್ದು: ಒಂದು ವಿಂಡೋ, ಅದರಲ್ಲಿ ಒಂದು ಬಟನ್. ಬೂದು ಮಾಡುವ ಮಾತೇ ಇಲ್ಲ, ಹಾಗಾಗಿ ಅದು ಬೂದಾಗುವ ದಾರಿಯೂ ಇಲ್ಲ. ತೆರೆದೆ. ಅದೂ ಬೂದಾಗಿಯೇ ತೆರೆಯಿತು.

ಆಗ ನನಗೆ ಭಯವಾಗಬೇಕಿತ್ತು ಅನ್ನುತ್ತೀರಿ. ಆಗಲಿಲ್ಲ, ಸಿಟ್ಟು ಬಂತು. ಮೌಸನ್ನು ಮೇಜಿಗೆ ಕುಟ್ಟಿದೆ. ಗಿರಣಿಯ ಪ್ರೋಗ್ರಾಮಿನ ಬೂದು ಬಟನ್ನನ್ನೇ ಹಲ್ಲು ಕಚ್ಚಿ ಮತ್ತೆ ಮತ್ತೆ ಒತ್ತಿದೆ. "ಇದಕ್ಕಿಂತ ನಮ್ಮ ಹಳೀ ಹ್ಯಾಂಡಲ್ ಭೇಷಿತ್ತಲ್ರಿ!" ಅಂತ ಸಾವ್ಕಾರ್ರು ಎಲ್ಲರಿಗೂ ಕೇಳುವಂತೆ ಅಂದರು. ಅವ್ವೋರು ಒಳಗೆ ಬಂದು "ಈ ಡಬ್ಬಿಗಿ ಲಿಂಬಿಹಣ್ಣೇ ಇಟ್ಟಿಲ್ಲಲ್ಲ, ಹೆಂಗ್ ನಡೀತದ?" ಅಂತ ಕಂಪ್ಯೂಟರಿನ ತಲೆಯ ಮೇಲೆ ಒಂದು ನಿಂಬೆಹಣ್ಣು ಇಟ್ಟರು. ಅದು ಉರುಳಿ ನನ್ನ ಕೀಬೋರ್ಡಿನ ಮೇಲೆ ಬಿತ್ತು. ಹೊರಗೆ ಯಾರೋ ಕಿಸಕ್ಕನೆ ನಕ್ಕರು. ಆ ಗಳಿಗೆಯಲ್ಲಿ ನನಗೆ ಬೇಕಾದದ್ದು ಒಂದೇ, ಆ ಯಂತ್ರ ತಿರುಗಬೇಕು, ಇವರ ಬಾಯಿ ಮುಚ್ಚಬೇಕು.

ಬಟನ್ನಿನ ಗೊಡವೆಯೇ ಬೇಡ ಅಂದುಕೊಂಡೆ. ಬಟನ್ ಏನಾದರೂ ಸಾಯಲಿ, ಮೋಟಾರಿಗೆ ಹೋಗುವ ಆಜ್ಞೆಯನ್ನು ನೇರವಾಗಿ ಕಪ್ಪು ಪರದೆಯಲ್ಲಿ ಟೈಪ್ ಮಾಡಿ ಕಳಿಸಬಹುದು. ವಿಂಡೋ ಬೇಡ, ಬಣ್ಣ ಬೇಡ, ಯಾರ ಅಪ್ಪಣೆಯೂ ಬೇಡ. ಒಂದೇ ಸಾಲು. ಅದು ಖಂಡಿತ ಕೆಲಸ ಮಾಡುತ್ತಿತ್ತು. ಇದನ್ನು ಇವತ್ತಿಗೂ ಆಣೆ ಮಾಡಿ ಹೇಳಬಲ್ಲೆ. ಟೈಪ್ ಮಾಡಿದೆ. ಎಂಟರ್ ಕೀಲಿಯ ಮೇಲೆ ಬೆರಳು ಇಟ್ಟೆ.

"ನನ್ನ ಚಪ್ಪಲ್ ಯಾರ್ ತಗದಾರ್ರಿ? ಇಲ್ಲೇ ಬಿಟ್ಟಿದ್ದೆ" ಅಂತ ಹಾಡನ್ನೂ ಮೀರಿಸಿ ಒಂದು ಹೆಣ್ಣು ದನಿ ಗಿರಣಿಯ ಒಳಗಿನಿಂದ ಬಂತು.

ಗಾಜಿಗೆ ಮೂಗು ಒತ್ತಿ ನಿಂತವರೆಲ್ಲ ಒಮ್ಮೆಲೇ ತಿರುಗಿದರು. ರಂಗೋಲಿಯ ಆಚೆ ಮಲ್ಲಮ್ಮ ನಿಂತಿದ್ದಳು, ಹುಬ್ಬಿನಿಂದ ಕಾಲಿನವರೆಗೆ ಹೊಟ್ಟಿನ ಧೂಳು ಮೆತ್ತಿಕೊಂಡು, ಕೈಯಲ್ಲಿ ಕೆರೆಯುವ ಸಲಾಕೆ ಹಿಡಿದು. ಅವಳಿಗೆ ಚಪ್ಪಲಿಯದೇ ಚಿಂತೆ. ಯಾರೋ ಹೋಗಿ ಹಾಡು ನಿಲ್ಲಿಸಿದರು. ಸಾವ್ಕಾರ್ರು ಕುರ್ಚಿಯ ಕೈ ಹಿಡಿದುಕೊಂಡು ನಿಂತವರು ಹಾಗೇ ಕೂತರು. "ನಾನೇ ಸರಿಸೀನವ್ವ… ಪೂಜಾದ ಮುಂದ ಇರಬಾರ್ದಂತ…" ಅಂದರು ಅವ್ವೋರು. ನಾನು ಬೆರಳು ಎತ್ತಿದೆ. ಎತ್ತಲು ಬಹಳ ಹೊತ್ತು ಹಿಡಿಯಿತು, ಜಾರಿ ಕೀಲಿ ಒತ್ತಿಹೋದೀತು ಅಂತ ಹೆದರಿಕೆ. ಆಮೇಲೆ ಪರದೆ ನೋಡಿದೆ. ನನ್ನ ಪ್ರೋಗ್ರಾಮಿನ ಬಟನ್ ಹಸಿರಾಗಿತ್ತು. ಪಕ್ಕದ ಖಾಲಿ ವಿಂಡೋದ ಬಟನ್ನಿಗೂ ಜೀವ ಬಂದಿತ್ತು. ನಾನು ಏನನ್ನೂ ಮುಟ್ಟಿರಲಿಲ್ಲ.

ಆ ದಿನ ಯಂತ್ರವನ್ನು ಯಾರೂ ತಿರುಗಿಸಲಿಲ್ಲ. ಎರಡೂ ಪ್ರೋಗ್ರಾಮುಗಳನ್ನು ಮನೆಗೆ ತಂದು ಸಾಲು ಸಾಲಾಗಿ ಓದಿದೆ, ಬೇರೆ ಬೇರೆ ಕಂಪ್ಯೂಟರಿನಲ್ಲಿ ಓಡಿಸಿದೆ. ಬೂದಾಗಲು ಒಪ್ಪಲೇ ಇಲ್ಲ. ಇದೇ ಕೆಲಸ ಮಾಡುವ ಒಬ್ಬ ಗೆಳೆಯ, ಪರದೆಗೆ ಬಣ್ಣ ಬಳಿಯುವ, ಡ್ರೈವರ್ ಅನ್ನುವ ಪ್ರೋಗ್ರಾಂ ಕೆಟ್ಟಿರಬೇಕು ಅಂದ. ಕೆಟ್ಟಿದ್ದರೆ ಬಣ್ಣ ಮಾತ್ರ ತಪ್ಪಬೇಕಿತ್ತು, ನಾನು ಅಷ್ಟು ಒತ್ತಿದಾಗ ಬಟನ್ ಕೆಲಸ ಮಾಡಿಬಿಡುತ್ತಿತ್ತು. ಅವ್ವೋರ ಪ್ರಕಾರ ಅದು ದೇವಿಯ ಮಹಿಮೆ. ನನ್ನ ಹತ್ತಿರ ಅಷ್ಟೂ ಇಲ್ಲ. ಎಷ್ಟೋ ಜನರ ತೊಂದರೆ ಬಿಡಿಸಿಕೊಟ್ಟು ಹೊಟ್ಟೆ ಹೊರೆಯುವ ನನಗೆ ಇದೊಂದು ಬಿಡಿಸಲು ಆಗುತ್ತಿಲ್ಲ ಅನ್ನುವುದು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ಇವತ್ತಿಗೂ ಕಾಡುತ್ತದೆ.

ಸಾವ್ಕಾರ್ರು ಆಮೇಲೆ ತಗ್ಗಿನ ಬಾಯಿಗೇ ಒಂದು ಕೀಲಿಯ ಸ್ವಿಚ್ಚು ಹಾಕಿಸಿದರು. ಇಳಿಯುವವರು ಕೀಲಿ ತಿರುಗಿಸಿ ತಮ್ಮ ಜೊತೆಗೇ ಒಯ್ಯಬೇಕು, ಅದು ವಾಪಸ್ಸು ಬರುವವರೆಗೆ ಮೋಟಾರಿಗೆ ಕರೆಂಟೇ ಇಲ್ಲ. ಕೆಲವು ತಿಂಗಳ ಮೇಲೆ ನಾನು ಬೇರೆ ಏನೋ ಕೆಲಸಕ್ಕೆ ಅಲ್ಲಿಗೆ ಹೋದಾಗ ಮಲ್ಲಮ್ಮ ಆ ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ನನ್ನನ್ನು ನೋಡಿ ನಿಂತಳು.

"ಸಾಹೇಬ್ರ, ಆವತ್ತ ಆ ಬಟನ್ನಿಗಿ ಗೊತ್ತಿತ್ತೇನ್ರಿ, ನಾ ಒಳಗ ಅದೀನಂತ?"

"ಇಲ್ಲವ್ವ. ಅದು ಮಷಿನ್. ಅದಕ್ಕೇನ್ ಗೊತ್ತಾಗ್ತದ?"

"ನಿಮಗ?"

"ಇಲ್ಲ."

"ಸಾವ್ಕಾರ್ರಿಗಿ?"

"ಅವರಿಗೂ ಇಲ್ಲ."

"ಮತ್ತ ಯಾರಿಗಿ ಗೊತ್ತಿತ್ರಿ?"

ಸಿಟ್ಟಿನಿಂದ ಕೇಳಿದ್ದಲ್ಲ. ನಿಜವಾಗಿಯೂ ತಿಳಿದುಕೊಳ್ಳಬೇಕೆಂದೇ ಕೇಳಿದಳು. ಆಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಗ್ಗಿಗೆ ಇಳಿದಳು. ಕೀಲಿ ಅವಳ ಹತ್ತಿರವೇ ಇತ್ತು, ಹೆದರುವ ಕಾರಣವೇ ಇರಲಿಲ್ಲ. ಆದರೂ ಅವಳು ಮೇಲೆ ಬರುವವರೆಗೆ ನಾನು ಆ ತಗ್ಗಿನ ಬಾಯಿ ಬಿಟ್ಟು ಕದಲಲಿಲ್ಲ.