ಮರಳುದಿಬ್ಬಕ್ಕೆ ತೆಪ್ಪ ತಾಗಿಸದ ಬೇಸಗೆ

ಅಪ್ಪ ತೀರಿಕೊಂಡ ಮೇಲೆ ಅವರ ಬಿದಿರು ಬುಟ್ಟಿಯಂಥ ದುಂಡು ತೆಪ್ಪ ನನ್ನ ಪಾಲಿಗೆ ಬಂತು. ಅರ್ಕಾವತಿ ಹೋಗಿ ಕಾವೇರಿಗೆ ಸೇರುವ ಸಂಗಮದ ಹತ್ತಿರ ನಮ್ಮೂರು. ಒಡಹುಟ್ಟಿದವರಿಲ್ಲ, ಮದುವೆಯಾಗಿರಲಿಲ್ಲ. ಹೆಂಗಸು ಹುಟ್ಟು ಹಾಕುವುದುಂಟೇ ಎಂದು ಜನ ಒಂದಷ್ಟು ದಿನ ನಕ್ಕರು. ಆಮೇಲೆ ನಗುವುದಕ್ಕೂ ಅವರಿಗೆ ಪುರುಸೊತ್ತಾಗಲಿಲ್ಲ. ರೇಷ್ಮೆ ಗೂಡಿಗೆ ಬೆಲೆ ಏರಿದ ಕಾಲ ಅದು. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದವು, ಮನೆಮನೆಯಲ್ಲೂ ಹುಳು.

ಹುಳು ಸಾಕುವ ಮನೆಗೆ ಹೊರಗಿನ ವಾಸನೆ ಆಗದು. ನನ್ನ ಮೈಯಲ್ಲೋ ತೆಪ್ಪಕ್ಕೆ ಬಳಿದ ಟಾರು, ಹೊಳೆಮೀನು. ಹುಳು ಪೊರೆ ಬಿಡುವ ಮುಂಚೆ ಮೇವು ಬಿಟ್ಟು ಮಲಗುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಜೊತೆಯಲ್ಲಿ ಓದಿದ ಗೆಳತಿಯೇ ಒಂದು ದಿನ ಬಾಗಿಲಿಗೆ ಅಡ್ಡ ನಿಂತಳು. "ಹುಳ ಜ್ವರಕ್ಕೆ ಕುಂತವೆ ಕಣೆ. ಬೇಜಾರ್ ಮಾಡ್ಕೋಬ್ಯಾಡ, ಆಮ್ಯಾಕೆ ಬಾ."

ಹುಳುವಿನ ಒಂದು ಬೆಳೆ ಮುಗಿಯುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಆ 'ಆಮ್ಯಾಕೆ' ಬರಲಿಲ್ಲ. ಪ್ರವಾಸಕ್ಕೆ ಬಂದವರ ಹೊರತು ನನಗೆ ಮಾತಾಡುವವರೇ ಇಲ್ಲದಂತಾಯಿತು.

ನಾನು ತೆಪ್ಪವನ್ನು ತಲೆಯ ಮೇಲೆ ಹೊತ್ತು ದಡ ಹಿಡಿದು ಮೇಲಕ್ಕೆ ನಡೆಯುತ್ತಿದ್ದೆ, ಬಂದವರು ಹಿಂದೆ ಬರುತ್ತಿದ್ದರು. ಅಲ್ಲಿಂದ ಸಂಗಮದವರೆಗೆ ತೇಲಿಕೊಂಡು ಇಳಿಯುವುದು. ಅಪ್ಪನ ಕಟ್ಟುಪಾಡುಗಳನ್ನೇ ಉಳಿಸಿಕೊಂಡಿದ್ದೆ. ರೇಡಿಯೋ ಬೇಡ, ತಂದದ್ದನ್ನು ಹೊಳೆಗೆ ಎಸೆಯುವುದು ಬೇಡ. ಬೇಸಗೆಯಲ್ಲಿ ನಡುಹೊಳೆಯ ಮರಳುದಿಬ್ಬಕ್ಕೆ ತೆಪ್ಪ ತಾಗಿಸುವುದಂತೂ ಕೂಡದು. ಕಪ್ಪು ನೆತ್ತಿಯ, ಹಳದಿ ಕೊಕ್ಕಿನ ಬಿಳಿ ಹಕ್ಕಿಗಳು ಅಲ್ಲಿ ಬರಿಯ ಮರಳಿನ ಮೇಲೆ ಮೊಟ್ಟೆ ಇಡುತ್ತಿದ್ದವು.

ಒಂದು ಬೇಸಗೆ ರಾಮನಗರದಿಂದ ನೂಲು ತೆಗೆಸುವ ಸಾಹುಕಾರರೊಬ್ಬರು ಸ್ನೇಹಿತರ ಜೊತೆ ಬಂದರು. ಬಿರಿಯಾನಿ ಮಾಡಲು ತಮ್ಮ ಕಾರ್ಖಾನೆಯ ಕೆಲಸದ ಹೆಂಗಸೊಬ್ಬರನ್ನು ಕರೆತಂದಿದ್ದರು. ದಿಬ್ಬ ಕಂಡದ್ದೇ ಸಾಹುಕಾರರು ಕೈ ತೋರಿಸಿದರು.

"ಅಲ್ಲೇ ನಿಲ್ಸಮ್ಮ. ಅಡುಗೆಗೆ ಒಳ್ಳೆ ಜಾಗ."

"ಅಲ್ಲಿ ಮೊಟ್ಟೆ ಅವೆ ಸಾಹೇಬ್ರೇ. ತುಳಿದ್ರೂ ಗೊತ್ತಾಗಕಿಲ್ಲ. ದಡದಲ್ಲಿ ಹೊಂಗೆ ನೆರಳೈತೆ, ಅಲ್ಲಿ ಇಳಿಸ್ತೀನಿ."

"ಹಕ್ಕಿಗೋಸ್ಕರ ನಾವು ದಡ ಸೇರ್ಬೇಕಾ?"

ನಾನು ದಡದ ಕಡೆ ಹುಟ್ಟು ಹಾಕಿದೆ. ಉಂಡ ಮೇಲೆ ಅವರು ನನ್ನ ತೆಪ್ಪ ಹತ್ತದೆ ನಡೆದೇ ಹೊರಟುಬಿಟ್ಟರು. ಪಾತ್ರೆ ತೊಳೆಯಲು ಆ ಹೆಂಗಸು ಉಳಿದರು. ಚೆಲ್ಲಿದ್ದ ಎಲೆಗಳನ್ನು ನಾನು ಬಾಚತೊಡಗಿದಾಗ ಅವರೂ ಬಂದು ಬಗ್ಗಿದರು.

ಇಳಿಯುವಾಗ ತೆಪ್ಪದಲ್ಲಿ ನಾವಿಬ್ಬರೇ. ಅವರು ಎರಡೂ ಕೈಗಳನ್ನು ನೀರಿಗೆ ಬಿಟ್ಟು ಕೂತಿದ್ದರು. ದಿನವಿಡೀ ಕುದಿನೀರಿನಲ್ಲಿ ಗೂಡಿನ ಎಳೆ ಹುಡುಕಿ ಬೆರಳ ತುದಿಯೆಲ್ಲ ಬಿಳಿಚಿ ಸುಲಿದಿತ್ತು.

"ತಣ್ಣಗಿದೆ" ಎಂದರು. ಆಮೇಲೆ, "ಒಬ್ಳೇ ಇರ್ತೀಯಾ ಮಗಳೇ?" ಎಂದು ಕೇಳಿದರು.

"ಹೂಂ ಅಮ್ಮಾ."

"ನಮ್ಮನೇಲಿ ಒಂಬತ್ತು ಜನ. ಆದ್ರೂ ನಾನೂ ಹಂಗೇ."

ಹರಿವು ಜೋರಿಲ್ಲದ ಕಡೆ ಹುಟ್ಟು ನಿಲ್ಲಿಸಿ ಅವರಿಗೆ ಇನ್ನಷ್ಟು ಹೊತ್ತು ಸಿಗುವಂತೆ ಮಾಡಿದೆ.

ತೆಪ್ಪದ ಹೆಂಗಸು ಜಗಳಗಂಟಿ ಎಂದು ನನ್ನ ಸುದ್ದಿ ಸಂಗಮದಲ್ಲೆಲ್ಲ ಹರಡಿತು. ಬಂದವರು ಬೇರೆ ತೆಪ್ಪ ಹತ್ತಿದರು. ಒಂದು ಭಾನುವಾರ ಬೇರೆ ತೆಪ್ಪದವರು ಜನರನ್ನು ದಿಬ್ಬದ ಮೇಲೆ ಇಳಿಸಿದ್ದನ್ನು ದಡದಲ್ಲಿ ಕೂತು ನೋಡಿದೆ. ಹಕ್ಕಿಗಳೆಲ್ಲ ಒಟ್ಟಿಗೆ ಮೇಲೆದ್ದು ಕಿರುಚಿದವು. ಸಂಜೆ ನಾನು ಹೋಗುವ ಹೊತ್ತಿಗೆ ಒಲೆಯ ಬೂದಿ, ಒಡೆದ ಬಾಟಲಿ, ಮೊಟ್ಟೆಯ ಚಿಪ್ಪುಗಳು. ಬೂದಿಯನ್ನೂ ಗಾಜನ್ನೂ ಟವೆಲ್ಲಿನಲ್ಲಿ ಕಟ್ಟಿ ತಂದೆ. ಮರುವರ್ಷ ಹಕ್ಕಿಗಳು ಅಲ್ಲಿ ಮೊಟ್ಟೆ ಇಡಲಿಲ್ಲ.

ಆದರೆ ಮರುವರ್ಷ ಆ ಅಡುಗೆಯ ಅಮ್ಮ ಬಂದರು, ಸಾಹುಕಾರರ ಜೊತೆಯಲ್ಲಲ್ಲ. ಶುಕ್ರವಾರದ ರಜೆಯಲ್ಲಿ, ನೂಲು ತೆಗೆಯುವ ಇನ್ನಿಬ್ಬರು ಹೆಂಗಸರನ್ನು ಕರೆದುಕೊಂಡು, ಕನಕಪುರದಲ್ಲಿ ಬಸ್ಸು ಬದಲಿಸಿ. ಬಟ್ಟೆಯಲ್ಲಿ ರೊಟ್ಟಿ ಕಟ್ಟಿ ತಂದಿದ್ದರು. ಉಂಡು ಆ ಬಟ್ಟೆಯನ್ನು ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು. ಆರು ಕೈಗಳು ನೀರಿನಲ್ಲಿದ್ದವು. ನೀರುನಾಯಿಗಳು ಬಂಡೆಯ ಹಿಂದಿನಿಂದ ತಲೆಯೆತ್ತಿ ನಮ್ಮನ್ನು ನೋಡಿ, ಓಡದೆ ಅಲ್ಲೇ ಆಡಿಕೊಂಡಿದ್ದವು.

ಆಮೇಲೆ ಪ್ರತಿ ಬೇಸಗೆಯೂ ಬರುತ್ತಿದ್ದರು, ಒಮ್ಮೊಮ್ಮೆ ಹೊಸಬರನ್ನೂ ಕರೆತಂದು. ಅದರಿಂದಲೇ ನನ್ನ ತೆಪ್ಪ ನಡೆಯಿತು ಎನ್ನಲಾರೆ. ಆದರೆ ಯುಗಾದಿ ಕಳೆದ ಮೇಲೆ ನಾನು ಕಾಯುತ್ತಿದ್ದದ್ದು ಅವರ ಶುಕ್ರವಾರವನ್ನೇ. ಸಂಜೆ ಬಸ್ಸು ಹೊರಟ ಮೇಲೆ ಹೊಳೆ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಒಂದು ವರ್ಷ ಉಳಿದವರು ಬಂದರು, ಆ ಅಮ್ಮ ಇರಲಿಲ್ಲ.

"ದಮ್ಮು ಜಾಸ್ತಿ ಆಯ್ತು. ಆವಿ ತಡೀಲಿಲ್ಲ ಅವ್ರಿಗೆ. ಮಗಳ ಊರಿಗೆ ಕಳಿಸಿದ್ರು" ಎಂದರು ಒಬ್ಬರು. "ನಿಮ್ಗೆ ಹೇಳಿ ಬನ್ನಿ ಅಂದ್ರು."

"ಏನು ಹೇಳಕ್ಕೆ?"

"ಅಷ್ಟೇ. ಹೇಳಿ ಬನ್ನಿ ಅಂತ."

ನಾನು ತೆಪ್ಪ ತಲೆಯ ಮೇಲೆ ಹೊತ್ತು ಮುಂದೆ ನಡೆದೆ. ಅದರ ಕೆಳಗೆ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ.