ಅತ್ತೆಯ ಉಪವಾಸ

ಕೊಬ್ಬಿನ ಪಾಠ ನನಗೆ ಬಾಯಿಪಾಠ. ಕುಷ್ಟಗಿಯ ಕಾಲೇಜಿನಲ್ಲಿ ಪ್ರತಿವರ್ಷ ಅದನ್ನೇ ಹೇಳುತ್ತೇನೆ. ಟ್ರೈಗ್ಲಿಸರೈಡ್ ಅಂದರೆ ದೇಹ ಮುಂದಿನ ಹೊತ್ತಿಗೆಂದು ಕಟ್ಟಿಟ್ಟುಕೊಳ್ಳುವ ಬುತ್ತಿ. ಫಾಸ್ಫೋಲಿಪಿಡ್ ಇಲ್ಲದೆ ಒಂದು ಜೀವಕೋಶಕ್ಕೂ ಪೊರೆಯಿಲ್ಲ. ಎಲ್ಲರೂ ಬೈಯುವ ಕೊಲೆಸ್ಟರಾಲ್ ಇಲ್ಲದಿದ್ದರೆ ಪಿತ್ತರಸವೂ ಇಲ್ಲ, ಎಷ್ಟೋ ಹಾರ್ಮೋನುಗಳೂ ಇಲ್ಲ. ಕೆಲವು ಜೀವಸತ್ವಗಳು ಮೈಗೆ ಹತ್ತಬೇಕಾದರೂ ಊಟದಲ್ಲಿ ಒಂದಿಷ್ಟು ಜಿಡ್ಡು ಬೇಕು. ಕೊಬ್ಬನ್ನು ಶತ್ರು ಅನ್ನಬೇಡಿ ಎಂದು ತರಗತಿಯಲ್ಲಿ ಗದರಿಸುವವಳೂ ನಾನೇ, ಮನೆಗೆ ಬಂದು ಅತ್ತೆಯ ತಟ್ಟೆಯಿಂದ ತುಪ್ಪ ಕಿತ್ತುಕೊಂಡವಳೂ ನಾನೇ.

ಹೋದ ವರ್ಷ ಅತ್ತೆಗೆ ಆಗಾಗ ತಲೆ ಸುತ್ತುತ್ತಿತ್ತು. ಡಾಕ್ಟರು ರಕ್ತದಲ್ಲಿ ಕೊಬ್ಬು ಎಷ್ಟಿದೆ ನೋಡೋಣ ಎಂದರು. "ನಾಳೆ ಉಪವಾಸ ಇರ್ರಿ ಅತ್ತಿ" ಎಂದಷ್ಟೇ ಹೇಳಿ, ಮರುದಿನ ನಾನು ಬೆಳಿಗ್ಗೆಯೇ ಕಾಲೇಜಿಗೆ ಓಡಿದೆ. ನನ್ನ ಗಂಡ ಕರೆದುಕೊಂಡು ಹೋಗಿ ರಕ್ತ ಕೊಡಿಸಿದರು. ವರದಿಯಲ್ಲಿ ಟ್ರೈಗ್ಲಿಸರೈಡ್ ವಿಪರೀತ ಏರಿತ್ತು. ಎಣ್ಣೆ ತುಪ್ಪ ಸ್ವಲ್ಪ ಕಡಿಮೆ ಮಾಡಿ, ಮೂರು ತಿಂಗಳ ಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರು. ಅವರ 'ಸ್ವಲ್ಪ' ನನ್ನ ಬಾಯಲ್ಲಿ 'ಪೂರ್ತಿ' ಆಯಿತು. ಓದಿದವಳೆಂಬ ಸೊಕ್ಕು, ಇನ್ನೇನು.

ಸಜ್ಜೆ ರೊಟ್ಟಿಯ ಮೇಲಿನ ಬೆಣ್ಣೆ, ನಂಚಿಕೊಳ್ಳುವ ಶೇಂಗಾ ಹಿಂಡಿಪುಡಿ, ಬೇಳೆಯ ಒಗ್ಗರಣೆ ಎಲ್ಲ ಬಂದ್. ಒಂದು ದಿನ ಹಿಂಡಿಯ ಡಬ್ಬಿ ತೆರೆದು ಬರೀ ಮೂಸುತ್ತಿದ್ದ ಅತ್ತೆಯನ್ನು ಕಂಡು, ಮೊಮ್ಮಗನೆದುರೇ ಅವರ ಮೇಲೆ ರೇಗಿದೆ. ಅವರು ಮುಚ್ಚಳ ಹಾಕಿ ಕಟ್ಟೆಯ ಮೇಲೆ ಹೋಗಿ ಕೂತರು. ಆಮೇಲಾಮೇಲೆ ಅರ್ಧ ರೊಟ್ಟಿಗೇ ಕೈ ತೊಳೆಯತೊಡಗಿದರು. ಕುಪ್ಪಸ ಸಡಿಲವಾಯಿತು. ಅದನ್ನೂ ನಾನು ನನ್ನ ಗೆಲುವೆಂದೇ ತಿಳಿದೆ.

ಮೂರು ತಿಂಗಳಾದ ಮೇಲೆ, ನಾಳೆ ಮತ್ತೆ ರಕ್ತ ಕೊಡಬೇಕೆಂದು ಹೇಳಿದೆ.

"ಹಂಗಾರ ಸಾಬೂದಾಣಿ ನೆನಿ ಇಡು ಯವ್ವಾ. ಹೋದ ಸಲಾನೂ ಅದನ್ನ ತಿಂದು ಉಪವಾಸ ಮಾಡಿದ್ನಿ" ಎಂದರು ಅತ್ತೆ.

ಅಂದು ಏನೇನು ತಿಂದಿದ್ದರೆಂದು ಬಿಡಿಸಿ ಕೇಳಿದೆ. ಏಕಾದಶಿಗೆ ಮಾಡುವ ಹಾಗೆ, ತುಪ್ಪದಲ್ಲಿ ಹುರಿದ ಸಬ್ಬಕ್ಕಿಗೆ ಕುಟ್ಟಿದ ಶೇಂಗಾ ಕಲಸಿ ತಿಂದು, ಒಂದು ಲೋಟ ಕೆನೆಹಾಲು ಕುಡಿದು ಅವರು ರಕ್ತ ಕೊಡಲು ಹೋಗಿದ್ದರು. ನಮ್ಮ ಕಡೆ ಉಪವಾಸವೆಂದರೆ ಅದೇ. ನೀರು ಬಿಟ್ಟು ಏನನ್ನೂ ಬಾಯಿಗೆ ಹಾಕಬೇಡಿ ಎನ್ನಲು ನನಗೆ ಪುರಸೊತ್ತಿರಲಿಲ್ಲ. ತಿಂದ ಕೊಬ್ಬು ತಾಸುಗಟ್ಟಲೆ ರಕ್ತದಲ್ಲಿ ಓಡಾಡುತ್ತದೆಂದು ಬೋರ್ಡಿನ ಮೇಲೆ ಬರೆಯುವವಳು ನಾನು. ನಾಚಿಕೆಯಾಯಿತು.

ಈ ಸಲ ಖಾಲಿ ಹೊಟ್ಟೆಯಲ್ಲಿ ನಾನೇ ಕರೆದೊಯ್ದೆ. ಎಲ್ಲ ಸರಿಯಿತ್ತು. ಬಹುಶಃ ಮೊದಲೂ ಸರಿಯೇ ಇತ್ತು. ಅತ್ತೆ ಮಾತ್ರ ಪಕ್ಕದ ಮನೆಯವರಿಗೆ, "ನಮ್ಮ ಸೊಸಿ ನನ್ನ ಜೀವಾ ಉಳಿಸ್ಯಾಳ ನೋಡ್ರಿ" ಎಂದು ಹೇಳುತ್ತಿದ್ದರು. ಒಳಗಿದ್ದ ನಾನು ಹೊರಗೆ ಬರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ, ಎಲ್ಲವನ್ನೂ ಹೇಳಿಬಿಡಬೇಕೆಂದು ತುಪ್ಪದ ಬಟ್ಟಲನ್ನು ಅವರ ಮುಂದಿಟ್ಟೆ. ಬಾಯಿಂದ ಬಂದದ್ದು ಬೇರೆ. "ಇನ್ನ ತಿನ್ನಬಹುದ್ರಿ ಅತ್ತಿ" ಎಂದೆ. ತಪ್ಪು ನನ್ನದು ಎನ್ನುವ ಬದಲು ಅಪ್ಪಣೆ ಕೊಟ್ಟಿದ್ದೆ.

ಆಯುಷ್ಯವಿಡೀ ಬೆಣ್ಣೆ ಕಾಸಿ, ಮನೆಗೆ ಬಂದವರಿಗೆಲ್ಲ ಕೈಬಿಚ್ಚಿ ಬಡಿಸಿದ ಅತ್ತೆ, ಚಮಚ ಹಿಡಿದು ನನ್ನ ಮುಖ ನೋಡಿದರು.

"ಎಷ್ಟು ಹಾಕ್ಕೊಳ್ಲಿ, ಯವ್ವಾ?"